ಬೇಲಿಯೊಳಗಿನ ಸ್ನಾನಘಟ್ಟ

ನೆರೆಹೊರೆಯನ್ನು ಆರಿಸಿಕೊಳ್ಳುವ ಭಾಗ್ಯ ಎಲ್ಲರಿಗೂ ಒದಗುವುದಿಲ್ಲ. ಒಡಿಶಾದ ಭಿತರ್‌ಕನಿಕಾದಲ್ಲಿ, ಬ್ರಾಹ್ಮಣಿ, ವೈತರಣಿ ನದಿಗಳು ಕಡಲನ್ನು ಸೇರುವೆಡೆಯ ಕಾಂಡ್ಲಾ ಕಾಡಿನಂಚಿನಲ್ಲಿ ಬಾಳುವವರಿಗೆ ನೆರೆಯಾಗಿ ದೊರೆತಿರುವುದು ಉಪ್ಪುನೀರಿನ ಮೊಸಳೆ. ಅಲ್ಲಿಯ ಜನ ಅದನ್ನು ‘ಬೌಲಾ’ ಎನ್ನುತ್ತಾರೆ. ಬೆಳೆದ ಗಂಡು ಹದಿನೈದು ಅಡಿಯನ್ನೂ ಮೀರುವುದುಂಟು.

ಒಂದು ಕಾಲದಲ್ಲಿ ಚರ್ಮದಾಸೆಯ ಬೇಟೆಗೆ ಸಿಕ್ಕಿ ಈ ಪ್ರಾಣಿ ನಿರ್ನಾಮವಾಗುವುದರಲ್ಲಿತ್ತು. 1975ರಲ್ಲಿ ದಂಗಮಾಲದಲ್ಲಿ ಮೊಟ್ಟೆಗಳನ್ನು ಸಂಗ್ರಹಿಸಿ, ಮರಿ ಮಾಡಿಸಿ, ಬೆಳೆಸಿ ಹೊಳೆಗೆ ಬಿಡುವ ಕಾರ್ಯ ಆರಂಭವಾಯಿತು. ಆಗ ನೂರರ ಆಸುಪಾಸಿನಲ್ಲಿದ್ದ ಸಂಖ್ಯೆ 2023ರ ಗಣತಿಯಲ್ಲಿ 1,700ನ್ನು ಮೀರಿತು. ದೇಶವೇ ಹೆಮ್ಮೆಪಡತಕ್ಕ ಸಾಧನೆಯಿದು. ಆದರೆ ಆ ಹೆಮ್ಮೆಯ ಬೆಲೆಯನ್ನು ತೆರುವವರು ಯಾರು? ಹೊಳೆಗಿಳಿದು ಪಾತ್ರೆ ಬೆಳಗುವ ಗೃಹಿಣಿ, ಏಡಿ ಹಿಡಿಯುವ ಬೆಸ್ತ, ದನಗಳ ಮೈ ತೊಳೆಯುವ ಹುಡುಗ.

ಮೊಸಳೆಗೆ ದ್ವೇಷವೆಂಬುದಿಲ್ಲ. ಮಳೆಗಾಲದಲ್ಲಿ ಗೂಡು ಕಾಯುವ ತಾಯಿಗೆ ಸಮೀಪಿಸಿದವರೆಲ್ಲ ಶತ್ರುಗಳೇ. ಹಸಿದ ಗಂಡಿಗೆ ನೀರು ಕುಡಿಯುವ ಜಿಂಕೆಯೂ ಬಾಗಿ ಕೊಡ ತುಂಬುವ ಮನುಷ್ಯನೂ ಒಂದೇ.

ಆದುದರಿಂದ ಅರಣ್ಯ ಇಲಾಖೆ ಅನೇಕ ಹಳ್ಳಿಗಳ ಸ್ನಾನಘಟ್ಟಗಳಿಗೆ ನೀರಿನೊಳಗೇ ಬೇಲಿ ಹಾಕಿಸಿದೆ. ಪ್ರಾಣಿಯನ್ನು ಬೋನಿನಲ್ಲಿ ಕಂಡು ಬಲ್ಲ ಪಟ್ಟಣಿಗರಿಗೆ ಇದು ವಿಚಿತ್ರವೆನಿಸೀತು: ಇಲ್ಲಿ ಬೇಲಿಯೊಳಗೆ ನಿಲ್ಲುವವನು ಮನುಷ್ಯ; ಹೊಳೆಯೆಲ್ಲ ಮೊಸಳೆಯದು. ಹಳ್ಳಿಗರು ಹಾಗೆಯೇ ಮಿಂದು, ಒಗೆದು, ಕೊಡ ತುಂಬಿಕೊಂಡು ಮನೆಗೆ ಮರಳುತ್ತಾರೆ. ಇಷ್ಟು ತಾಳ್ಮೆ ತೋರುವವರಿಗೆ ನಾಡು ಮಾಡಬೇಕಾದ ಉಪಕಾರ ದೊಡ್ಡದೇನಲ್ಲ. ಮುರಿದ ಬೇಲಿಯನ್ನು ಮರುದಿನಕ್ಕೆ ಬಿಡದೆ ಕಟ್ಟಿಸಿ, ಮನೆಯಂಗಳಕ್ಕೇ ನಲ್ಲಿಯ ನೀರು ತಂದುಕೊಟ್ಟರೆ ಈ ನೆರೆತನ ಬಾಳೀತು.