ಕಪಾಟಿನ ಬೀಗದ ಕೈ

ಜ್ಯೇಷ್ಠ ಶುದ್ಧ ಪಂಚಮಿ, ಎಂದರೆ ಶ್ರುತಪಂಚಮಿ, ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ಮಳೆಗಾಲದ ಹೊಸ್ತಿಲಿನಲ್ಲಿ ಬರುವ ಪರ್ವ. ಒಂದೆರಡು ದಿನಗಳ ಬಿಸಿಲು ಉಳಿದಿರುವಾಗಲೇ ಬಸದಿಗಳಲ್ಲಿ ಶಾಸ್ತ್ರಗ್ರಂಥಗಳನ್ನು ಹೊರಗೆ ತೆಗೆದು, ಧೂಳು ಒರೆಸಿ, ಬಿಸಿಲು ಕಾಣಿಸಿ, ಹೊಸ ವಸ್ತ್ರದಲ್ಲಿ ಸುತ್ತಿ ಪೂಜಿಸುತ್ತಾರೆ. ಅದೇ ದಿನಗಳ ಆಚೀಚೆ ಊರಿನ ಪ್ರಾಥಮಿಕ ಶಾಲೆಗಳೂ ಬೇಸಿಗೆಯ ರಜೆ ಮುಗಿಸಿ ಬಾಗಿಲು ತೆರೆಯುತ್ತವೆ. ಈ ಎರಡು ಸಂಗತಿಗಳಿಗೆ ಸಂಬಂಧವಿದೆಯೆಂದು ಸಾಮಾನ್ಯವಾಗಿ ಯಾರಿಗೂ ತೋರುವುದಿಲ್ಲ. ಶಿರಸಿ ತಾಲೂಕಿನ ಒಂದು ಜೈನ ಮನೆತನದಲ್ಲಿ ಹುಟ್ಟಿ, ಮೂವತ್ತು ವರ್ಷಗಳಿಗೂ ಮಿಕ್ಕಿ ಈ ಮೂರು ತಾಲೂಕುಗಳ ಒಬ್ಬರು, ಇಬ್ಬರು ಶಿಕ್ಷಕರಿರುವ ಶಾಲೆಗಳಲ್ಲಿ ಕಲಿಸಿ ನಿವೃತ್ತರಾದ ಅಕ್ಕೋರೊಬ್ಬರಿಗೆ ಅದು ತೋರಿತು. ತೋರುವುದಕ್ಕೆ ಒಂದು ಪುಸ್ತಕ ಕಳೆಯಬೇಕಾಯಿತು. ಶಿಕ್ಷಕಿಯನ್ನು ಅಕ್ಕೋರು ಎನ್ನುವುದು ಈ ಭಾಗದ ಮಕ್ಕಳ ವಾಡಿಕೆ. ಇಲ್ಲಿಯೂ ಆ ಹೆಸರೇ ಸಾಕು.

ಅವರ ಮೊದಲ ನೇಮಕವಾದದ್ದು ಯಲ್ಲಾಪುರ ತಾಲೂಕಿನ ಕಾಡಂಚಿನ ಒಂದು ಕಿರಿಯ ಪ್ರಾಥಮಿಕ ಶಾಲೆಗೆ. 1987ರಲ್ಲಿ ಆರಂಭವಾದ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆಯಿಂದ ಇಂತಹ ಶಾಲೆಗಳಿಗೂ ಕಥೆಯ ಪುಸ್ತಕಗಳು ಬಂದಿದ್ದವು. ಅವು ಒಂದು ಕಬ್ಬಿಣದ ಕಪಾಟಿನಲ್ಲಿದ್ದವು. ಕಪಾಟಿಗೆ ಬೀಗ, ಬೀಗದ ಕೈ ಅಕ್ಕೋರ ಸೊಂಟದಲ್ಲಿ. ಅದು ಜಿಪುಣತನವಲ್ಲ, ಭಯ. ಪ್ರತಿಯೊಂದು ಪುಸ್ತಕವೂ ದಾಸ್ತಾನು ವಹಿಯಲ್ಲಿ ಬೆಲೆಸಹಿತ ದಾಖಲಾದ ಸರಕಾರದ ಸ್ವತ್ತು. ವರ್ಗವಾಗಿ ಹೋಗುವಾಗ ಒಂದು ಕಡಿಮೆಯಾದರೂ ಚಾರ್ಜು ಕೊಡುವವರು ಹಣ ತೆರಬೇಕು. ಹತ್ತು ರೂಪಾಯಿಯ ಪುಸ್ತಕಕ್ಕಾಗಿ ನಿವೃತ್ತಿವೇತನದ ಕಾಗದಗಳು ತಿಂಗಳುಗಟ್ಟಲೆ ನಿಂತ ಕಥೆಗಳನ್ನು ಹಿರಿಯ ಶಿಕ್ಷಕರು ಹೊಸಬರಿಗೆ ಮೊದಲ ದಿನವೇ ಹೇಳುತ್ತಿದ್ದರು. ಆದುದರಿಂದ ಪುಸ್ತಕಗಳು ಭದ್ರವಾಗಿದ್ದವು. ತಪಾಸಣೆಗೆ ಬಂದ ಅಧಿಕಾರಿಗಳು ಕಪಾಟು ತೆರೆಸಿ ನೋಡಿ, ಒಂದು ಹಾಳೆಯೂ ಹರಿದಿಲ್ಲವೆಂದು ಮೆಚ್ಚಿ ಬರೆದು ಹೋದರು. ಆ ಮೆಚ್ಚುಗೆಯ ಸಾಲುಗಳನ್ನು ನೆನೆದು ಮುಂದೆ ಅಕ್ಕೋರು ಬಹುಕಾಲ ನಾಚಿದರು.

ಒಂದು ವರ್ಷ ನವೆಂಬರ್ 14ರಂದು ಶಾಲೆಯಲ್ಲಿ ‘ಪುಸ್ತಕದ ಹಬ್ಬ’ ಮಾಡಬೇಕೆಂಬ ಉತ್ಸಾಹ ಹುಟ್ಟಿತು. ಮೇಜಿನ ಮೇಲೆ ಬಿಳಿಯ ಪಂಚೆ ಹಾಸಿ, ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿ, ಸೇವಂತಿಗೆಯ ಮಾಲೆ ಹಾಕಿದರು. ಊರ ಮುಖಂಡರು ಬಂದು ಟೇಪು ಕತ್ತರಿಸಿದರು. ಮಕ್ಕಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ದೇವಿಯ ದರ್ಶನಕ್ಕೆ ನಿಲ್ಲುವಂತೆ ಸಾಲಿನಲ್ಲಿ ಬಂದು, ನೋಡಿ, ಮುಂದೆ ಸಾಗಿದರು. ಓದಿನ ಮಹತ್ವವನ್ನು ಕುರಿತು ಮೂರು ಭಾಷಣಗಳಾದವು. ಯಾರೂ ಏನನ್ನೂ ಓದಲಿಲ್ಲ. ಸಂಜೆ ಪುಸ್ತಕಗಳು ಕಪಾಟಿಗೆ ಹಿಂದಿರುಗಿದವು. ಎಣಿಸಿದಾಗ ಒಂದು ಕಡಿಮೆ ಇತ್ತು.

ಜೊತೆಯ ಮಾಸ್ತರರು ಒಳ್ಳೆಯವರು, ಅನುಭವಿಗಳು. “ಒರಲೆ ತಿಂದಿತು ಎಂದು ಬರೆದುಬಿಡಿ ಅಕ್ಕೋರೆ. ಒರಲೆ ಬಂದು ಸಾಕ್ಷಿ ಹೇಳುವುದಿಲ್ಲ” ಎಂದರು. ಮಲೆನಾಡಿನ ಶಾಲೆಗಳಲ್ಲಿ ಗೆದ್ದಲು ನಿಜವಾಗಿಯೂ ಎಷ್ಟೋ ಕಾಗದವನ್ನು ತಿನ್ನುತ್ತದೆ. ಅದರ ಹೆಸರಿಗೆ ಇನ್ನೊಂದು ಪುಸ್ತಕ ಸೇರಿದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಅಣುವ್ರತಗಳನ್ನು ಸ್ವೀಕರಿಸಿದ ಮನೆಯಲ್ಲಿ ಬೆಳೆದವರಿಗೆ ಅದು ಅಷ್ಟು ಸುಲಭವಲ್ಲ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ಬರಹವನ್ನು, ಪ್ರತ್ಯೇಕವಾಗಿಯೇ ಹೆಸರಿಸುತ್ತದೆ. ಬಾಯಿಮಾತಿನ ಸುಳ್ಳು ಗಾಳಿಗೆ ಹೋದರೂ ವಹಿಯ ಸುಳ್ಳು ಕುಳಿತಲ್ಲೇ ಕುಳಿತಿರುತ್ತದೆಂದು ಅವರ ಅಜ್ಜಿ ಹೇಳುತ್ತಿದ್ದುದುಂಟು. ಅಕ್ಕೋರು ಆ ದಿನ ವಹಿಯಲ್ಲಿ ಏನನ್ನೂ ಬರೆಯಲಿಲ್ಲ.

ಅನುಮಾನ ಹೋದದ್ದು ಮೂರನೆಯ ತರಗತಿಯ ಒಬ್ಬ ಗೌಳಿ ಹುಡುಗಿಯ ಮೇಲೆ. ಯಲ್ಲಾಪುರದ ಕಡೆಯ ಗೌಳಿಗಳ ಮನೆಮಾತು ಮರಾಠಿಯ ಒಂದು ಬಗೆ. ಸಿದ್ದಿ ಮಕ್ಕಳದು ಕೊಂಕಣಿ, ಮರಾಠಿ ಬೆರೆತ ನುಡಿ. ಶಾಲೆಗೆ ಬಂದ ಮೇಲೆಯೇ ಅವರಿಗೆ ಕನ್ನಡ. ಪಾಠದ ಪುಸ್ತಕ ಅವರ ಪಾಲಿಗೆ ಎರಡು ಬೀಗಗಳ ಹಿಂದಿರುತ್ತದೆ, ಒಂದು ಅಕ್ಷರದ್ದು, ಇನ್ನೊಂದು ಭಾಷೆಯದು. ಆ ಹುಡುಗಿ ತರಗತಿಯಲ್ಲಿ ಬಾಯಿ ಬಿಟ್ಟು ಓದಿದ್ದೇ ಇಲ್ಲ. ಅವಳು ಪುಸ್ತಕ ಕದ್ದು ಮಾಡುವುದೇನು ಎಂದು ಮಾಸ್ತರರು ನಕ್ಕರು.

ಮರುದಿನ ಶಾಲೆ ಬಿಟ್ಟ ಮೇಲೆ ಅಕ್ಕೋರು ಕಾಡುದಾರಿಯಲ್ಲಿ ಎರಡು ಮೈಲಿ ನಡೆದು ಗೌಳಿವಾಡಕ್ಕೆ ಹೋದರು. ಎಮ್ಮೆಗಳು ದೊಡ್ಡಿಗೆ ಬರುವ ಹೊತ್ತು. ಗುಡಿಸಲಿನ ಜಗಲಿಯಲ್ಲಿ ಹುಡುಗಿ ಪುಸ್ತಕವನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು ತಮ್ಮನಿಗೆ ಕಥೆ ಹೇಳುತ್ತಿದ್ದಳು. ಚಿತ್ರದಲ್ಲಿ ಆನೆಯಿತ್ತು, ಕೆರೆಯಿತ್ತು. ಅವಳು ತನ್ನ ನುಡಿಯಲ್ಲಿ ಹೇಳುತ್ತಿದ್ದ ಕಥೆಯಲ್ಲಿ ಆ ಕೆರೆಯ ಬಳಿ ಒಂದು ಎಮ್ಮೆಯೂ ಕಳೆದುಹೋಗಿತ್ತು, ಅದು ಪುಸ್ತಕದಲ್ಲಿರಲಿಲ್ಲ. ಅಕ್ಕೋರನ್ನು ಕಂಡು ಅವಳು ಹೆದರಲಿಲ್ಲ, ಅಡಗಿಸಲೂ ಇಲ್ಲ. ಕೇಳಿದ್ದಕ್ಕೆ ಸರಳವಾಗಿ, “ಹಬ್ಬ ಅಂದಿದ್ರಲ್ರಿ ಅಕ್ಕೋರೆ. ಹಬ್ಬದಾಗ ಕೊಡ್ತಾರಲ್ರಿ” ಎಂದಳು.

ಹಬ್ಬವೆಂದ ಮೇಲೆ ಪ್ರಸಾದವಿರುತ್ತದೆ, ಸಿಹಿಯಿರುತ್ತದೆ. ಯಾರೂ ಬರಿಗೈಯಲ್ಲಿ ಮನೆಗೆ ಹೋಗುವುದಿಲ್ಲ. ಆ ಮಗು ಬಲ್ಲ ಹಬ್ಬಗಳೆಲ್ಲವೂ ಅಂತಹವೇ. ಕೊಡದಿದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನ, ಅದೇ ಸ್ತೇಯ ಎಂದು ಶಾಸ್ತ್ರ ಹೇಳುತ್ತದೆ. ಆದರೆ ತೆಗೆದುಕೊಂಡವಳು ಕೊಟ್ಟಿದ್ದಾರೆಂದೇ ನಂಬಿದ್ದರೆ? ಕೊಡುವುದಕ್ಕೆಂದೇ ಸರಕಾರ ಕಳುಹಿಸಿದ್ದನ್ನು ಕೊಡದೆ ಇಟ್ಟುಕೊಂಡವರು ಯಾರು? ದಾರಿಯುದ್ದಕ್ಕೂ ಅಕ್ಕೋರಿಗೆ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ನೆನಪಾಗುತ್ತಿತ್ತು. ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಅಲ್ಲಿ ಹೇಳಿರುವ ಕಾರಣಗಳಲ್ಲಿ ಜ್ಞಾನವನ್ನು ಅಡಗಿಸುವುದು, ಹಂಚಲು ಮತ್ಸರಿಸುವುದು, ಇನ್ನೊಬ್ಬರ ಜ್ಞಾನಕ್ಕೆ ಅಂತರಾಯ ತರುವುದು ಸೇರಿವೆ. ಬೀಗ ಹಾಕುವವರಿಗೆ ಮತ್ಸರವಿರಲಿಲ್ಲ, ನಿಜ. ಅಂತರಾಯವಂತೂ ಇತ್ತು.

ಅಂದು ಅವರು ಪುಸ್ತಕವನ್ನು ಹಿಂದಕ್ಕೆ ತರಲಿಲ್ಲ. ಮಾರನೆಯ ದಿನ ವಹಿಯಲ್ಲಿ, ಹಿಂದಿನ ತಾರೀಖು ಹಾಕದೆ, ‘ದಾಖಲೆಯಿಲ್ಲದೆ ಹೊರಗೆ ಹೋಗಿತ್ತು, ತಪ್ಪು ಪಾಲಕಿಯದು, ಇಂದು ವಿದ್ಯಾರ್ಥಿನಿಯ ಹೆಸರಿಗೆ ಬರೆಯಲಾಗಿದೆ’ ಎಂದು ಬರೆದು ಸಹಿ ಮಾಡಿದರು. ಇಂತಹ ಷರಾ ಬರೆಯುವ ಪದ್ಧತಿ ಇಲ್ಲವೆಂದು ಮಾಸ್ತರರು ಆಕ್ಷೇಪಿಸಿದರು. ಅವರ ಮಾತು ಸರಿಯೇ ಇತ್ತು.

ಗ್ರಂಥವನ್ನು ಕಾಯುವುದು ಮತ್ತು ಕೊಡುವುದು ಇವೆರಡರ ನಡುವಿನ ತೊಡಕು ಜೈನ ಸಮಾಜಕ್ಕೆ ಹೊಸದಲ್ಲ. ಶ್ರುತಪಂಚಮಿಯ ಕಥೆಯೇ ಅದು. ಗಿರಿನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ತಮ್ಮ ಕಂಠದಲ್ಲಿದ್ದ ಶ್ರುತವು ತಮ್ಮೊಡನೆಯೇ ಅಳಿದುಹೋದೀತೆಂಬ ಕಳವಳದಿಂದ ಇಬ್ಬರು ಮುನಿಗಳನ್ನು ಕರೆಸಿ ಕಲಿಸಿದರು. ಆ ಇಬ್ಬರಲ್ಲಿ ಪುಷ್ಪದಂತರು ಬಂದು ಸೂತ್ರರಚನೆಗೆ ತೊಡಗಿದ್ದು ವನವಾಸ ದೇಶದಲ್ಲಿ, ಎಂದರೆ ಇಂದು ಶಿರಸಿ ತಾಲೂಕಿನಲ್ಲಿರುವ ಬನವಾಸಿಯ ಸೀಮೆಯಲ್ಲಿ. ಅವರು ರಚಿಸಿದ ಭಾಗವನ್ನು ಶಿಷ್ಯ ಜಿನಪಾಲಿತನು ಭೂತಬಲಿಗಳ ಬಳಿಗೆ ಒಯ್ದನು. ಷಟ್ಖಂಡಾಗಮವನ್ನು ಭೂತಬಲಿಗಳು ಪೂರ್ಣಗೊಳಿಸಿದರು. ಗ್ರಂಥವೊಂದು ಕೈಯಿಂದ ಕೈಗೆ ಹೋದ ದಿನಗಳ ನೆನಪಿಗೆ ಈ ಪರ್ವ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ವಾಚಕರೆಲ್ಲರೂ ಬಲ್ಲರು. ಮುದ್ರಣವಿಲ್ಲದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಎಷ್ಟು ಲಿಪಿಕಾರರ ಎಷ್ಟು ತಿಂಗಳುಗಳ ದುಡಿಮೆಯೆಂಬುದನ್ನು ಊಹಿಸಿಕೊಳ್ಳಬೇಕು. ಅವಳು ಒಂದೇ ಪ್ರತಿಯನ್ನು ಚಿನ್ನದ ಪೆಟ್ಟಿಗೆಯಲ್ಲಿಟ್ಟಿದ್ದರೆ ಖರ್ಚು ಕಡಿಮೆಯಾಗುತ್ತಿತ್ತು.

ಇದಕ್ಕೆ ಇನ್ನೊಂದು ಮುಖವೂ ಇದೆ. ಆ ಷಟ್ಖಂಡಾಗಮದ ಧವಳಾ ಟೀಕೆಯ ತಾಳೆಯ ಪ್ರತಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. ಅವುಗಳನ್ನು ಕಾಪಾಡಿದವರ ಋಣ ದೊಡ್ಡದು. ಅವರಿಲ್ಲದಿದ್ದರೆ ಓದಲು ಏನೂ ಉಳಿಯುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾದಾಗ, ನೇಮಕಗೊಂಡ ಲಿಪಿಕಾರರೊಬ್ಬರು ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಮಾಡಿಕೊಂಡರು. ಉತ್ತರದ ವಿದ್ವಾಂಸರ ಕೈಗೆ ಮೊದಲು ಸಿಕ್ಕಿದ್ದು ಆ ಪ್ರತಿಯಿಂದ ಬಂದ ಪಾಠವೇ. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಳಾದ ಮೊದಲ ಸಂಪುಟ ಅಚ್ಚಾಯಿತು. ಆ ಗುಟ್ಟಿನ ಪ್ರತಿಯನ್ನು ಸ್ತೇಯವೆನ್ನಬೇಕೋ ಶಾಸ್ತ್ರದಾನವೆನ್ನಬೇಕೋ ಎಂಬ ಪ್ರಶ್ನೆಗೆ ಪಂಡಿತರಲ್ಲಿಯೂ ಸುಲಭದ ಉತ್ತರವಿಲ್ಲ. ಸಾಧ್ಯವಿದ್ದಲ್ಲಿ ಬಾಗಿಲನ್ನು ಮೊದಲೇ ತೆರೆದಿಡುವುದು ಲೇಸು. ಆಗ ಯಾರೂ ಈ ಸಂಕಟಕ್ಕೆ ಸಿಲುಕಬೇಕಾಗಿಲ್ಲ.

ಮುಂದಿನ ಶ್ರುತಪಂಚಮಿಯ ವಾರದಲ್ಲಿ ಅಕ್ಕೋರು ಶಾಲೆಯ ಕಪಾಟನ್ನು ಖಾಲಿ ಮಾಡಿಸಿದರು. ಪೂಜೆಯ ಮಾತಿಲ್ಲ, ಅದು ಎಲ್ಲ ಮತದ ಮಕ್ಕಳ ಶಾಲೆ. ಬಿಸಿಲು ಕಾಣಿಸುವ ಕೆಲಸಕ್ಕೆ ಮತವಿಲ್ಲ. ಅಂಗಳದಲ್ಲಿ ಅಡಕೆ ಒಣಗಿಸುವ ತಟ್ಟಿಗಳ ಮೇಲೆ ಮಕ್ಕಳು ಪುಸ್ತಕಗಳನ್ನು ಹರಡಿದರು, ಮಗುಚಿದರು. ಮಗುಚುವ ನೆಪದಲ್ಲಿ ಪ್ರತಿಯೊಂದನ್ನೂ ನೋಡಿದರು. ಹಳೆಯ ವೃತ್ತಪತ್ರಿಕೆಯ ಹೊದಿಕೆ ಹಾಕಿದರು. ಸಂಜೆ ಪ್ರತಿಯೊಬ್ಬರೂ ಒಂದೊಂದನ್ನು ಮನೆಗೆ ಒಯ್ದರು. ಬರೆದುಕೊಳ್ಳುವ ವಹಿಯೂ ಮಕ್ಕಳದೇ ಕೈಯಲ್ಲಿ. ನವೆಂಬರಿನ ಹಬ್ಬವೂ ಬದಲಾಯಿತು. ಭಾಷಣಗಳು ಹೋದವು. ಓದಿದ ಕಥೆಯನ್ನು ಮಕ್ಕಳು ತಮ್ಮ ಮನೆಮಾತಿನಲ್ಲಿ ಹೇಳಿದರು, ಮತ್ತೊಬ್ಬರು ಕನ್ನಡದಲ್ಲಿ. ಹೋಳಿಯ ಬೇಡರ ವೇಷ ಕಂಡ ಹುಡುಗರು ಬಣ್ಣ ಬಳಿದುಕೊಂಡು ಕಥೆಯ ಹುಲಿಯಾದರು. ದಿನಕರ ದೇಸಾಯಿಯವರ ಮಕ್ಕಳ ಪದ್ಯಗಳನ್ನು, ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳನ್ನು ಪುಸ್ತಕ ನೋಡದೆ ಹಾಡಿದರು. ಜೈನ, ಬೌದ್ಧ ಸಾಹಿತ್ಯದಲ್ಲಿ ಅಷ್ಟು ಶ್ರಮಿಸಿದ ರಾಜರತ್ನಂ ಮಕ್ಕಳಿಗೂ ಬರೆದುದು ಇಂದಿನ ವಿದ್ವಾಂಸರಿಗೆ ಒಂದು ಸಂಕೋಚದ ನೆನಪಾಗಬೇಕು.

ತೊಂದರೆಗಳು ಇಲ್ಲದಿರಲಿಲ್ಲ. ಗೆದ್ದಲಿಗೆ ಪುಡಿ ಹಾಕಲು ಅಕ್ಕೋರು ಒಪ್ಪಲಿಲ್ಲ. ಬಜೆ, ಲಕ್ಕಿಸೊಪ್ಪು, ಬಿಸಿಲು, ಇಷ್ಟರಿಂದಲೇ ಕಾಯಲು ನೋಡಿದರು. ಪ್ರತಿ ಮಳೆಗಾಲದಲ್ಲಿ ಕೆಲವು ಪುಸ್ತಕಗಳು ಹೋದವು. ಇನ್ನು ಕೆಲವು ಮನೆಗಳಿಂದ ಬರಲೇ ಇಲ್ಲ. ಅವುಗಳ ಬೆಲೆಯನ್ನು ಶಾಸ್ತ್ರದಾನವೆಂದು ತಾವೇ ತುಂಬಿದರು. ಸಂಬಳದ ಮೇಲೆ ಹೊಣೆಗಾರಿಕೆಯಿಲ್ಲದವರಿಗೆ ಇದು ಸಾಧ್ಯ, ಮೂರು ಮಕ್ಕಳ ತಂದೆಗೆ ಅಲ್ಲ ಎಂದು ಮಾಸ್ತರರು ಹೇಳಿದ ಮಾತನ್ನು ತಳ್ಳಿಹಾಕುವಂತಿಲ್ಲ. ಒಬ್ಬರ ತ್ಯಾಗದ ಮೇಲೆ ನಿಂತ ಗ್ರಂಥಾಲಯ ಅವರ ವರ್ಗಾವಣೆಯೊಡನೆ ಮುಚ್ಚುತ್ತದೆ. ಯಲ್ಲಾಪುರದ ಆ ಶಾಲೆಯಲ್ಲಿ ಹಾಗೆಯೇ ಆಯಿತು.

ಕಾಲ ಈಗ ಕೊಂಚ ಅನುಕೂಲವಾಗಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಪ್ರತಿ ಶಾಲೆಗೂ ಕಥಾಪುಸ್ತಕಗಳಿರುವ ಗ್ರಂಥಾಲಯ ಬೇಕೆಂದಿತು. ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ 2020ರಲ್ಲಿ ಆರಂಭವಾಯಿತು. ಪುಸ್ತಕಗಳಿರುವುದು ಉಪಯೋಗಕ್ಕಾಗಿ ಎಂಬುದನ್ನೇ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಮೊದಲ ಸೂತ್ರವಾಗಿಸಿದ್ದರು. ಅವರ ಜನ್ಮದಿನವಾದ ಆಗಸ್ಟ್ 12ರಂದು ಭಾವಚಿತ್ರಕ್ಕೆ ಮಾಲೆ ಹಾಕಿ ಕಪಾಟಿಗೆ ಬೀಗ ಹಾಕುವ ಕಡೆಗಳು ಇನ್ನೂ ಇವೆ. ಮಕ್ಕಳಿಗೆ ತಮ್ಮ ಕಾಡು, ತಮ್ಮ ಹಳ್ಳ ಕಾಣುವ ಪುಸ್ತಕಗಳೂ ಬಂದಿವೆ. ಸಿದ್ದಾಪುರದಲ್ಲಿ ನೆಲೆಸಿದ ಶಿಕ್ಷಕ, ಲೇಖಕ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೆ 2022ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ದೊರೆಯಿತು.

ಅಕ್ಕೋರು ನಿವೃತ್ತರಾದದ್ದು ಸಿದ್ದಾಪುರ ತಾಲೂಕಿನ ಒಂದು ಶಾಲೆಯಿಂದ. ಚಾರ್ಜು ಕೊಡುವ ದಿನ ಪುಸ್ತಕಗಳನ್ನು ಎಣಿಸಿದಾಗ ಹನ್ನೊಂದು ಕಡಿಮೆ ಇದ್ದವು. ಹೊಸದಾಗಿ ಬಂದ ಶಿಕ್ಷಕಿ ಸಂಕೋಚದಿಂದ ವಹಿಯನ್ನು ಮುಚ್ಚಲು ನೋಡಿದರು. ಅಕ್ಕೋರು ಬಿಡಲಿಲ್ಲ; ಲೆಕ್ಕ ಹಾಕಿ ಹಣ ಕಟ್ಟಿ ರಸೀದಿ ಪಡೆದು, ಬೀಗದ ಕೈಯನ್ನು ಕೊಟ್ಟರು. ತಿಂಗಳ ಬಳಿಕ ಬಸ್ಸಿನ ಕಂಡಕ್ಟರರ ಕೈಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಎರಡು ಪುಸ್ತಕಗಳು ಶಾಲೆಗೆ ಬಂದವು, ಅಂಚು ಸವೆದು, ಅರಿಸಿನದ ಕಲೆಯಾಗಿ. ಯಾರು ಕಳುಹಿಸಿದರೆಂಬ ಚೀಟಿ ಇರಲಿಲ್ಲ. ಹಣ ತೆತ್ತ ಪುಸ್ತಕ ಹಿಂದಿರುಗಿ ಬಂದರೆ ಬರೆಯುವುದಕ್ಕೆ ದಾಸ್ತಾನು ವಹಿಯಲ್ಲಿ ಅಂಕಣವಿಲ್ಲ. ಹೊಸ ಶಿಕ್ಷಕಿ ಅವೆರಡನ್ನೂ ಕಪಾಟಿನ ಹೊರಗೆ, ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದಾರೆ.