ಅಂಗ ದಿಟ, ಗಡಿಯಾರ ಸಟೆ

ಕಡಲಿನಲ್ಲಿ ಮುಳುಗಿ ಕೆಲಸಮಾಡುವವರಿಗಾಗಿ ಸ್ವಿಟ್ಜರ್ಲೆಂಡಿನ ಕುಶಲಿಗಳು 1953ರ ಸುಮಾರಿನಿಂದ ರಚಿಸಿದ ಕೈಗಡಿಯಾರಗಳು ಮೊದಲಿಗೆ ಕೇವಲ ಉಪಕರಣಗಳಾಗಿದ್ದುವು. ನೀರಿಗಿಳಿದು ಎಷ್ಟು ನಿಮಿಷವಾಯಿತೆಂಬುದನ್ನು ಡಯಲಿನ ಸುತ್ತಣ ತಿರುಗುಬಳೆಯಿಂದ ಎಣಿಸುವುದು, ಗಾಳಿ ತೀರುವ ಮುನ್ನ ಮೇಲಕ್ಕೆ ಬರುವುದು, ಇಷ್ಟೇ ಅವುಗಳ ಪ್ರಯೋಜನ. ಈಗ ಅವು ಸಂಗ್ರಾಹಕರ ನಿಧಿಗಳಾಗಿವೆ. ನಿಧಿಯಿದ್ದೆಡೆಯಲ್ಲಿ ಕಳ್ಳನೂ ಸುಳಿಯುವನಷ್ಟೆ.

ಪೂರ್ತಿ ನಕಲಿಯಾದುದನ್ನು ಬಲ್ಲವರು ಹಿಂಬದಿಯ ಮುಚ್ಚಳವನ್ನು ತೆರೆದೊಡನೆಯೇ ಹೆಚ್ಚಾಗಿ ಗುರುತಿಸಿಬಿಡುವರು. ಬುದ್ಧಿಗೆ ತೊಡಕಾಗಿರುವುದು ಬೇರೊಂದು ಜಾತಿ. ಒಮೇಗಾ ಕಂಪನಿಯ ಸೀಮಾಸ್ಟರ್ 300 ಎಂಬುದನ್ನೇ ನೋಡಬಹುದು. 1960ರ ದಶಕದಲ್ಲಿ ಅದರೊಳಗಿದ್ದ 552ನೆಯ ಅಂಕಿತದ ಯಂತ್ರವು, ಕಚೇರಿಗೆ ಹೋಗುವವರು ಕಟ್ಟುತ್ತಿದ್ದ ಸಾಧಾರಣ ಗಡಿಯಾರಗಳಲ್ಲಿಯೂ ಇದ್ದಿತು. ಅಂಥದೊಂದರಿಂದ ಯಂತ್ರವನ್ನು ಕಿತ್ತು, ದುರಸ್ತಿಗೆಂದು ಕಂಪನಿಯೇ ಮುಂದೆ ಒದಗಿಸಿದ ಕವಚ, ಡಯಲು, ಮುಳ್ಳುಗಳನ್ನು ಕೂಡಿಸಿದರೆ ಮುಳುಗುಗಾರನ ಗಡಿಯಾರವೊಂದು ಸಿದ್ಧವಾಗುವುದು. ಅದರಲ್ಲಿ ನಕಲಿಯಾದ ಅಂಗವೊಂದೂ ಇಲ್ಲ. ಆದರೂ ಅಂಥ ಗಡಿಯಾರವು ಯಾವ ಕಡಲನ್ನೂ ಕಂಡುದಲ್ಲ. ಬ್ರಿಟಿಷ್ ನೌಕಾಪಡೆಗೆ ಹಂಚಿದವುಗಳ ಬೆನ್ನ ಮೇಲೆ ಬಾಣದ ಗುರುತೂ 0552 ಎಂಬ ಅಂಕೆಯೂ ಇರುವುವು. ಇವುಗಳಿಂದ ಬೆಲೆ ಹಲವು ಪಾಲು ಏರುವುದರಿಂದ, ಬಾಣವನ್ನು ಹೊಸದಾಗಿ ಕೊರೆಯುವ ಕೈಗಳಿಗೂ ಕೊರತೆಯಿಲ್ಲ.

ತಾಮ್ರಶಾಸನವನ್ನು ಪರೀಕ್ಷಿಸುವವರು ಲಿಪಿಯ ಕಾಲವೂ ಬರೆದ ತೇದಿಯೂ ಹೊಂದುವುವೇ ಎಂದು ನೋಡುವಂತೆ, ಇಲ್ಲಿಯೂ ಅಂಗಗಳು ಒಂದೇ ಬಾಳನ್ನು ಬಾಳಿವೆಯೇ ಎಂದು ನೋಡಬೇಕು. ಡಯಲಿನ ಮೇಲೆ ವೃತ್ತದೊಳಗಿರುವ ‘ಟಿ’ ಅಕ್ಷರವು ಟ್ರಿಟಿಯಮಿನ ಸೂಚನೆ. ಆ ದ್ರವ್ಯವು 12.3 ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುವುದು. 60 ವರ್ಷಗಳಲ್ಲಿ ಉಳಿಯುವುದು ಮೂವತ್ತರಲ್ಲಿ ಒಂದು ಪಾಲು. ಆದುದರಿಂದ 1967ರದೆಂದು ಹೇಳುವ ಡಯಲು ಇರುಳೆಲ್ಲ ಬೆಳಗುತ್ತಿದ್ದರೆ ಅದಕ್ಕೆ ಬಳಿದ ಬಣ್ಣ ಈಚಿನದು. ಡಯಲಿನ ಗುರುತುಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿರಲು ಮುಳ್ಳುಗಳು ಮಾತ್ರ ಹಾಲಿನಂತೆ ಬೆಳ್ಳಗಿದ್ದರೂ ಸಂಶಯಕ್ಕೆಡೆಯುಂಟು.

ಸಂಶಯವೇ ತೀರ್ಪಲ್ಲ. ದುಡಿಯುವವನ ಗಡಿಯಾರವು ಕೆಡುವುದೂ ಸಹಜ, ಅದಕ್ಕೆ ಹೊಸ ಮುಳ್ಳನ್ನು ಹಾಕಿಸುವುದೂ ಸಹಜ. ನೀರಿನಡಿಯಲ್ಲಿ ಪ್ರಾಣವನ್ನು ಒತ್ತೆಯಿಟ್ಟವನಿಗೆ ಮುಂದಿನ ಸಂಗ್ರಾಹಕನ ರುಚಿಯ ಚಿಂತೆ ಏಕೆ? ದುರಸ್ತಿಯಲ್ಲಿ ದೋಷವಿಲ್ಲ, ಮಾರುವವನು ಅದನ್ನು ಮುಚ್ಚಿಡುವುದರಲ್ಲಿದೆ. ಹೊಳಪು ಕೊಡಿಸಿದ ಕವಚಕ್ಕಿಂತ ಗೀರುಬಿದ್ದ ಕವಚವನ್ನು ಬಲ್ಲವರು ಮೆಚ್ಚುವುದು ಇದಕ್ಕಾಗಿಯೇ.

ಆದರೆ ಬಲ್ಲವರೂ ಮೋಸಹೋಗುವುದುಂಟು. 2021ರಲ್ಲಿ ಜಿನೀವದ ಹರಾಜಿನಲ್ಲಿ ಒಮೇಗಾದ ಹಳೆಯ ಸ್ಪೀಡ್‌ಮಾಸ್ಟರ್ ಒಂದು, ಮುಳುಗುಗಾರರದಲ್ಲದಿದ್ದರೂ ಅದೇ ಕಾಲದ್ದು, 30 ಲಕ್ಷ ಸ್ವಿಸ್ ಫ್ರಾಂಕುಗಳಿಗೂ ಹೆಚ್ಚು ಬೆಲೆಗೆ ಹೋಯಿತು. ಅದು ಬೇರೆಬೇರೆ ಗಡಿಯಾರಗಳ ಅಂಗಗಳಿಂದ ಕೂಡಿಸಿದುದೆಂದು 2023ರಲ್ಲಿ ಕಂಪನಿಯೇ ಸಾರಿತು. ಕೊಂಡಿದ್ದವರು ಆ ಕಂಪನಿಯ ವಸ್ತುಸಂಗ್ರಹಾಲಯದವರೇ.