ದೋಟಿಯ ತುದಿಯ ಗರಗಸ

ಈಳಿಗೆ ಮಣೆ ಮೊಂಡಾದರೆ ನೀವೇನು ಮಾಡುತ್ತೀರಿ? ಹೊಸದು ತರುತ್ತೀರಾ? ಇಲ್ಲ ತಾನೇ? ಸಾಣೆಯವನು ಬೀದಿಯಲ್ಲಿ ಬಂದರೆ ಕೊಡುತ್ತೀರಿ, ಬಾರದಿದ್ದರೆ ಕಲ್ಲಿನ ಅಂಚಿಗೆ ನಾಲ್ಕು ಸಲ ತಿಕ್ಕಿ ಹುಳಿಗೆ ತರಕಾರಿ ಹೆಚ್ಚಿಕೊಳ್ಳುತ್ತೀರಿ. ಹೊಲಿಗೆ ಮಿಷನ್ನಿನ ಬೆಲ್ಟು ಸಡಿಲವಾದರೆ ಒಂದು ಚೂರು ಕತ್ತರಿಸಿ ಬಿಗಿ ಮಾಡುತ್ತೀರಿ. ಕುಕ್ಕರಿನ ರಬ್ಬರು, ಮಿಕ್ಸಿ ಜಾರಿನ ವಾಷರು ಎಲ್ಲಾ ನೀವೇ ಬದಲಾಯಿಸುತ್ತೀರಿ. ಇಷ್ಟೆಲ್ಲ ಬಲ್ಲ ನಾವು, ಮರ ಸವರುವ ಕರೆಂಟಿನ ಗರಗಸ ಮನೆಗೆ ಬಂದಾಗ ಮಾತ್ರ "ಅದು ಗಂಡಸರ ಸಾಮಾನಮ್ಮ" ಎಂದು ದೂರ ನಿಲ್ಲುವುದೇಕೆ?

ಅಜ್ಜಂಪುರ ಅಂದರೆ ಹೊರಗಿನವರಿಗೆ ಅಮೃತಮಹಲ್ ದನಗಳು ನೆನಪಾಗುತ್ತವೆ, ಈರುಳ್ಳಿ ನೆನಪಾಗುತ್ತದೆ. ಒಳಗಿರುವ ನಮಗೆ ನೆನಪಾಗುವುದು ನಮ್ಮ ನಮ್ಮ ಹಿತ್ತಲು. ಒಂದು ನುಗ್ಗೆ, ಒಂದು ಹಲಸು, ಒಂದು ಮಾವು, ಎರಡು ತೆಂಗು, ಮೂಲೆಗೊಂದು ಬೇವು. ಜಾಗ ಇಷ್ಟೇ ಇಷ್ಟು, ಕೊಂಬೆಗಳು ಮಾತ್ರ ಹೆಂಚಿನ ಮೇಲೆ, ಪಕ್ಕದವರ ಗೋಡೆಯಾಚೆ, ಬೀದಿಯ ತಂತಿಯ ಕಡೆ. ಮೊದಲಾದರೆ ವರ್ಷಕ್ಕೊಮ್ಮೆ ಒಬ್ಬರು ಬಂದು ಮರ ಹತ್ತಿ ಸವರಿ, ಊಟ ಮಾಡಿ, ಕೂಲಿ ತೆಗೆದುಕೊಂಡು ಹೋಗುತ್ತಿದ್ದರು. ಈಗ ಅವರಿಗೆ ಮಂಡಿ ನೋವು. ಮಕ್ಕಳು ಬೆಂಗಳೂರು ಸೇರಿದ್ದಾರೆ. ಮರ ಹತ್ತುವವರನ್ನು ಹುಡುಕುವುದು ವರ ಹುಡುಕುವುದಕ್ಕಿಂತ ಕಷ್ಟವಾಗಿದೆ!

ನಮ್ಮ ಬೀದಿಯಲ್ಲಿ ಒಬ್ಬರೇ ಇರುವ ಹಿರಿಯರೊಬ್ಬರ ಹಿತ್ತಲಲ್ಲಿ ಒಳ್ಳೆ ಹಲಸಿನ ಮರವಿತ್ತು. ಒಂದೇ ಒಂದು ಕೊಂಬೆ ಹೆಂಚಿನ ಮೇಲೆ ಬಾಗಿತ್ತು. ಅದನ್ನು ತೆಗೆಯಿಸಲು ಎರಡು ಮಳೆಗಾಲ ಜನಕ್ಕಾಗಿ ಕಾದರು. ಯಾರದೋ ಮನೆಯಿಂದ ಕರೆಂಟಿನ ಗರಗಸ ತಂದಾಗ ಅದರ ಚೈನು ಮೊಂಡು, ಹೊಗೆ ಬಂತೇ ಹೊರತು ಕೊಂಬೆ ಬೀಳಲಿಲ್ಲ. ಕೊನೆಗೆ ಗಾಳಿಗೆ ಹೆದರಿ ಬುಡಕ್ಕೇ ಕೊಡಲಿ ಹಾಕಿಸಿದರು. ಒಂದು ಕೊಂಬೆಗೆ ಆಗಬೇಕಾದ ಕೆಲಸ ಆಗದೆ ಒಂದಿಡೀ ಮರ ಹೋಯಿತು. ಮೊಂಡು ಚೈನು ಅಂದರೆ ಸಣ್ಣ ವಿಷಯ ಅಂತ ನನಗೆ ಅಂದಿನಿಂದ ಅನ್ನಿಸುವುದಿಲ್ಲ.

ನೋಡಿಲ್ಲದವರಿಗೆ ಹೇಳುತ್ತೇನೆ. ಉದ್ದನೆಯ ದೋಟಿ. ತುದಿಯಲ್ಲಿ ಎಂಟೋ ಹತ್ತೋ ಇಂಚಿನ ಚಪ್ಪಟೆ ಪಟ್ಟಿ, ಅದಕ್ಕೆ ಬಾರ್ ಅಂತಾರೆ. ಬಾರಿನ ಅಂಚಿನುದ್ದಕ್ಕೂ ಒಂದು ಸಣ್ಣ ಕಾಲುವೆ. ಆ ಕಾಲುವೆಯಲ್ಲಿ ಹಲ್ಲಿರುವ ಚೈನು ಸೈಕಲ್ ಚೈನಿನ ಹಾಗೆ ಗಿರಗಿರ ಸುತ್ತುತ್ತದೆ. ಮೋಟಾರು ತಿರುಗಿಸುವುದು ಒಂದು ಹಲ್ಲಿನ ಚಕ್ರವನ್ನು, ಆ ಚಕ್ರ ಚೈನನ್ನು ಎಳೆಯುತ್ತದೆ. ಇಷ್ಟೇ ಅದರ ಗುಟ್ಟು.

ನಮ್ಮನೆಯ ಗರಗಸ ಒಂದು ಸಲ ಕೊಯ್ಯುವುದನ್ನೇ ನಿಲ್ಲಿಸಿತು. ರಿಪೇರಿ ಅಂಗಡಿಯೊಂದಕ್ಕೆ ಕೊಟ್ಟೆವು. ಹದಿನೈದು ದಿನ ಇಟ್ಟುಕೊಂಡು ಹೊಸ ಚೈನು ಹಾಕಿ ಕೊಟ್ಟರು. ತಂದು ನೋಡಿದರೆ ಮೊದಲಿಗಿಂತ ಅತ್ತತ್ತ! ನಮ್ಮನೆಯವರು "ಮಾವಿನ ಮರ ಬಲಿತಿದೆ ಕಣೇ" ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಮರವೇಕೆ ಬೈಸಿಕೊಳ್ಳಬೇಕು? ಗರಗಸದ ಮೈಮೇಲೇ ಚೈನಿನ ಹಲ್ಲು ಯಾವ ಕಡೆ ಮುಖ ಮಾಡಿರಬೇಕು ಎಂಬ ಸಣ್ಣ ಚಿತ್ರವಿತ್ತು. ಹೋಲಿಸಿ ನೋಡಿದೆ. ಚೈನು ತಿರುಗುಮುರುಗಾಗಿ ಕೂತಿತ್ತು! ಬಿಚ್ಚಿ ಸರಿಯಾಗಿ ಹಾಕಿದ ಮೇಲೆ ಕೊಂಬೆ ಬೆಣ್ಣೆಯಂತೆ ಕೊಯ್ದು ಬಂತು. ಆವತ್ತಿನಿಂದ ಈ ಚೈನಿನ ಉಸ್ತುವಾರಿ ನನ್ನದೇ.

ಚೈನು ಬದಲಾಯಿಸುವುದು ಹೀಗೆ. ಮೊದಲ ಕೆಲಸ ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಪಕ್ಕದಲ್ಲಿ ಇಟ್ಟುಕೊಳ್ಳುವುದು. ಸ್ವಿಚ್ ಆರಿಸಿದರೆ ಸಾಲದು. ಬ್ಯಾಟರಿಯದಾದರೆ ಬ್ಯಾಟರಿ ತೆಗೆದಿಡಿ. ಕೈಗೆ ದಪ್ಪ ಗ್ಲೌಸು ಹಾಕಿ. ನಿಂತ ಚೈನೂ ಕೈ ಕೊಯ್ಯುತ್ತದೆ. ಪಕ್ಕದ ಮುಚ್ಚಳದ ನಟ್ಟು ಬಿಚ್ಚಿ, ಬಿಗಿ ಮಾಡುವ ಸಣ್ಣ ಸ್ಕ್ರೂವನ್ನು ಸಡಿಲಿಸಿದರೆ ಬಾರೂ ಚೈನೂ ಒಟ್ಟಿಗೆ ಕೈಗೆ ಬರುತ್ತವೆ. ಒಳಗೆ ಎಣ್ಣೆಯೂ ಮರದ ಪುಡಿಯೂ ಕಲೆತು ಅಂಟುಂಡೆಯಂತೆ ಕೂತಿರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ತೆಗೆಯಿರಿ. ಬಾರಿನ ಕಾಲುವೆಯನ್ನು ತೆಳು ಕಡ್ಡಿಯಿಂದ ಕೆರೆಯಿರಿ, ಎಣ್ಣೆ ಬರುವ ಸಣ್ಣ ತೂತನ್ನು ಮರೆಯಬೇಡಿ. ಬಾರು ಎರಡೂ ಕಡೆ ಒಂದೇ ಆಕಾರದ್ದಾದರೆ ಮೇಲಿನಂಚು ಕೆಳಗೆ ಬರುವಂತೆ ಮಗುಚಿ ಹಾಕಿ. ರೊಟ್ಟಿ ಮಗುಚಿದ ಹಾಗೆ, ಎರಡೂ ಅಂಚು ಸಮವಾಗಿ ಸವೆಯುತ್ತವೆ.

ಹೊಸ ಚೈನು ಕೊಳ್ಳುವಾಗ "ಹತ್ತಿಂಚಿಂದು ಕೊಡಿ" ಅಂದರೆ ಆಗಲಿಲ್ಲ. ಮೂರು ಲೆಕ್ಕ ಹೊಂದಬೇಕು. ಒಂದು, ಕೊಂಡಿಗಳ ಅಂತರ. ಸಾಲಾಗಿರುವ ಮೂರು ರಿವೆಟ್ಟುಗಳ ಅಳತೆ ತೆಗೆದು ಅರ್ಧ ಮಾಡಿದರೆ ಅದು ಸಿಗುತ್ತದೆ. ಎರಡು, ಕಾಲುವೆಯೊಳಗೆ ಇಳಿಯುವ ಕೊಂಡಿಯ ದಪ್ಪ. ಮೂರು, ಹಾಗೆ ಇಳಿಯುವ ಕೊಂಡಿ ಒಟ್ಟು ಎಷ್ಟು ಅನ್ನುವುದು. ನಮ್ಮದರಲ್ಲಿ 40 ಇವೆ. ಅದೇ ಹತ್ತಿಂಚಿನ ಬಾರಿಗೆ 39 ಕೊಂಡಿಯ ಚೈನೂ ಇದೆ. ಒಂದು ಹೆಚ್ಚುಕಡಿಮೆಯಾದರೂ ಚೈನು ಕೂರುವುದಿಲ್ಲ. ಈ ಅಂಕಿಗಳು ಸಾಮಾನ್ಯವಾಗಿ ಬಾರಿನ ಮೇಲೇ ಅಚ್ಚಾಗಿರುತ್ತವೆ. ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ, ರವಿಕೆಯ ಅಳತೆ ಬರೆದಿಡುವುದಿಲ್ಲವೇ, ಹಾಗೆ.

ಕೂರಿಸುವಾಗ ಬಾರಿನ ಮೇಲಂಚಿನಲ್ಲಿ ಹಲ್ಲುಗಳ ಹರಿತವಾದ ಕಡೆ ತುದಿಗೆ ಮುಖ ಮಾಡಿರಬೇಕು. ಚೈನನ್ನು ಚಕ್ರಕ್ಕೆ ಸಿಕ್ಕಿಸಿ, ಬಿಗಿಯ ಮೊಳೆಯನ್ನು ಬಾರಿನ ತೂತಿಗೆ ಕೂರಿಸಿ, ಮುಚ್ಚಳ ಹಾಕಿ ನಟ್ಟನ್ನು ಬೆರಳಲ್ಲಿ ಮಾತ್ರ ತಿರುಗಿಸಿ. ಈಗ ಬಾರಿನ ತುದಿಯನ್ನು ಮೇಲಕ್ಕೆ ಎತ್ತಿ ಹಿಡಿದು ಸ್ಕ್ರೂ ಬಿಗಿ ಮಾಡುತ್ತಾ ಬನ್ನಿ. ಚೈನು ಕೆಳಗೆ ಜೋತು ಬೀಳಬಾರದು, ಆದರೆ ಗ್ಲೌಸಿನ ಕೈಯಲ್ಲಿ ಎಳೆದರೆ ಸರಾಗ ಸುತ್ತಬೇಕು. ಮಧ್ಯದಲ್ಲಿ ಸ್ವಲ್ಪ ಎಳೆದು ಬಿಟ್ಟರೆ ಟಪ್ಪನೆ ಸ್ವಸ್ಥಾನ ಸೇರಬೇಕು. ತುದಿ ಎತ್ತಿ ಹಿಡಿದೇ ನಟ್ಟು ಭದ್ರ ಮಾಡಿ.

ಹೊಸ ಚೈನು ಹೊಸ ಎಲಾಸ್ಟಿಕ್ಕಿನ ಹಾಗೆ, ಮೊದಲ ಕೆಲವು ನಿಮಿಷಗಳಲ್ಲೇ ಸಡಿಲವಾಗುತ್ತದೆ. ನಿಲ್ಲಿಸಿ, ಪ್ಲಗ್ ಕಿತ್ತು, ಆರಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ. ಬಿಸಿ ಚೈನನ್ನು ಬಿಗಿ ಮಾಡಬೇಡಿ. ಬಿಸಿಯಲ್ಲಿ ಹಿಗ್ಗಿದ್ದು ಆರಿದಾಗ ಕುಗ್ಗುತ್ತದೆ, ಆಮೇಲೆ ಬಾರನ್ನೇ ಹಿಂಡುತ್ತದೆ.

ಇನ್ನು ಎಣ್ಣೆ. ಚೈನಿನ ಪ್ರಾಣವೇ ಎಣ್ಣೆ. ಒಣಗಿದ ಚೈನು ಬಾರನ್ನು ಸುಟ್ಟು ತಾನೂ ಹಾಳಾಗುತ್ತದೆ. ಇದಕ್ಕೆಂದೇ ಅಂಟುವ ಗುಣದ ಎಣ್ಣೆ ಸಿಗುತ್ತದೆ, ಅದನ್ನೇ ಹಾಕಿ. ಗ್ಯಾರೇಜಿನ ಕರಿ ಎಣ್ಣೆ ಬೇಡ. ಅದರಲ್ಲಿ ಲೋಹದ ಚೂರಿರುತ್ತದೆ, ಹಿತ್ತಲ ಮಣ್ಣಿಗೂ ಒಳ್ಳೆಯದಲ್ಲ. ಕೊಬ್ಬರಿ ಎಣ್ಣೆಯನ್ನಂತೂ ನೆಚ್ಚಬೇಡಿ, ನಮ್ಮೂರ ಮಾರ್ಗಶಿರದ ಚಳಿಗೆ ಸೀಸೆಯಲ್ಲೇ ಗಟ್ಟಿಯಾಗುವುದು ನಿಮಗೆ ಗೊತ್ತೇ ಇದೆ. ಎಣ್ಣೆ ಬರುತ್ತಿದೆಯೇ ಅಂತ ತಿಳಿಯಲು ನೆಲದ ಮೇಲೆ ಹಳೇ ಪೇಪರು ಹಾಸಿ, ತುದಿಯನ್ನು ಅದಕ್ಕೆ ತಾಗದಂತೆ ಹಿಡಿದು ಒಂದು ಕ್ಷಣ ಓಡಿಸಿ. ಸಣ್ಣ ಎಣ್ಣೆ ಗೆರೆ ಮೂಡಿದರೆ ಸರಿ. ಹಲಸು ಕೊಯ್ದ ದಿನ ಚೈನಿಗೆಲ್ಲ ಮೇಣ. ಹಣ್ಣು ಬಿಡಿಸಿದ ಕೈಗೆ ಎಣ್ಣೆ ಹಚ್ಚುತ್ತೇವಲ್ಲ, ಮದ್ದು ಇದಕ್ಕೂ ಅದೇ. ಪ್ಲಗ್ ಕಿತ್ತ ಮೇಲೆ ಎಣ್ಣೆ ಬಟ್ಟೆಯಲ್ಲಿ ಒರೆಸಿ.

ತೆಂಗಿನ ಗರಿ, ಅಡಿಕೆ ಸೋಗೆಗೆ ಮಾತ್ರ ಇದನ್ನು ಒಯ್ಯಬೇಡಿ. ನಾರು ನಾರಾಗಿ ಬಂದು ಚಕ್ರಕ್ಕೆ ಸುತ್ತಿಕೊಂಡು ಚೈನು ನಿಂತುಬಿಡುತ್ತದೆ. ಅದಕ್ಕೆ ಹಳೇ ಕುಡುಗೋಲು ಕಟ್ಟಿದ ದೋಟಿಯೇ ವಾಸಿ. ಹೊಸದು ಬಂತೆಂದು ಹಳೆಯದನ್ನು ಅಟ್ಟಕ್ಕೆಸೆಯಬಾರದು.

ಚೈನು ಮೊಂಡಾಗಿದೆ ಎಂದು ತಿಳಿಯುವುದು ಹೇಗೆ? ಕೆಳಗೆ ಬೀಳುವುದನ್ನು ನೋಡಿ. ಹರಿತವಿದ್ದರೆ ತೆಂಗಿನಕಾಯಿ ತುರಿಯಂತೆ ಚೂರು ಬೀಳುತ್ತದೆ. ಮೊಂಡಾದರೆ ಹಿಟ್ಟು. ಹೊಗೆ ಬಂದರೂ, ಒತ್ತಬೇಕಾಗಿ ಬಂದರೂ, ಒಂದೇ ಕಡೆಗೆ ಎಳೆದರೂ ಹರಿತ ಹೋಗಿದೆ ಅಂತಲೇ ಅರ್ಥ. ಒತ್ತಬೇಕಾಗಿ ಬರುವುದೇ ಅಪಾಯ. ತಲೆಯ ಮೇಲೆ ಎತ್ತಿ ಹಿಡಿದ ಭಾರ, ಸೋತ ತೋಳು, ಕೊಂಬೆ ಯಾವಾಗ ಬಿಡುತ್ತದೋ ತಿಳಿಯದು.

ಹರಿತ ಮಾಡಲು ದುಂಡು ಅರ ಬೇಕು. ನಮ್ಮದರಂಥ ಸಣ್ಣ ಚೈನಿಗೆ 4 ಮಿ.ಮೀ. ದಪ್ಪದ್ದು. ಅರವನ್ನು ಸುಮಾರು 30 ಡಿಗ್ರಿ ಓರೆ ಹಿಡಿದು, ಹಲ್ಲಿನ ಒಳಗಿನಿಂದ ಹೊರಕ್ಕೆ ಒಂದೇ ದಿಕ್ಕಿಗೆ ತಳ್ಳಿ. ಹಿಂದಕ್ಕೆ ಎಳೆಯಬೇಡಿ. ಮೊದಲ ಹಲ್ಲಿಗೆ ಮೂರು ಸಲವಾದರೆ ಎಲ್ಲಕ್ಕೂ ಮೂರೇ ಸಲ. ಎಣಿಸಿ ಜಡೆ ಹೆಣೆಯುವ ನಮಗೆ ಇದು ಹೊಸದೇ? ಮೊದಲು ಬಲಗಡೆಯ ಹಲ್ಲುಗಳು, ಆಮೇಲೆ ಎಡಗಡೆಯವು. ಪ್ರತಿ ಹಲ್ಲಿನ ಮುಂದೆ ಒಂದು ಗಿಡ್ಡ ದಿಬ್ಬವಿದೆ. ಹಲ್ಲು ಎಷ್ಟು ಆಳ ಕಚ್ಚಬೇಕು ಎನ್ನುವುದನ್ನು ನಿರ್ಧರಿಸುವುದು ಅದೇ. ಅದು ಹಲ್ಲಿಗಿಂತ 0.65 ಮಿ.ಮೀ.ನಷ್ಟು ತಗ್ಗಿರಬೇಕು. ನಾಲ್ಕೈದು ಸಲ ಅರ ಹಾಕಿದ ಮೇಲೆ ಅಳತೆಪಟ್ಟಿ ಇಟ್ಟು ಚಪ್ಪಟೆ ಅರದಿಂದ ತಗ್ಗಿಸಿ. ಹೆಚ್ಚು ತಗ್ಗಿಸಿದರೆ ಗರಗಸ ಕೈಯಲ್ಲಿ ಕುಣಿಯುತ್ತದೆ. ಹಲ್ಲಿನ ಮೇಲಿನ ಗುರುತು ಗೆರೆಯವರೆಗೆ ಸವೆದರೆ, ಕೊಂಡಿ ಬಿರುಕು ಬಿಟ್ಟರೆ, ಜಿಪುಣತನ ಮಾಡದೆ ಹೊಸ ಚೈನು ತನ್ನಿ.

ಈ ಹಲ್ಲಿನ ಆಕಾರ ಎಲ್ಲಿಂದ ಬಂತು ಗೊತ್ತೇ? ಅಮೆರಿಕದ ಆರೆಗಾನ್ ಸೀಮೆಯಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನಿದ್ದ. 1946ರಲ್ಲಿ ಒಂದು ಮರದ ಬೊಡ್ಡೆಯಲ್ಲಿ ಕಾಂಡ ಕೊರೆಯುವ ಹುಳುವನ್ನು ಕಂಡ. ಅದರ ದವಡೆ ಎಡಕ್ಕೂ ಬಲಕ್ಕೂ ಆಡುತ್ತಾ ಮರವನ್ನು ಸಲೀಸಾಗಿ ತಿನ್ನುತ್ತಿತ್ತು. ಅದನ್ನೇ ಉಕ್ಕಿನಲ್ಲಿ ಮಾಡಿ 1947ರಲ್ಲಿ ಕಂಪನಿ ತೆರೆದ. ಅದಕ್ಕೂ ಹಿಂದೆ ಹೋದರೆ ನಮಗೆ ಎದೆ ಝಲ್ಲೆನ್ನುವ ವಿಷಯವಿದೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ವೈದ್ಯರು ಮಾಡಿದ ಮೊದಲ ಹಲ್ಲಿನ ಚೈನು ಮರಕ್ಕಲ್ಲ. ಹೆರಿಗೆ ಕಷ್ಟವಾದಾಗ ಬಾಣಂತಿಯ ಕಟಿಯ ಕೂಡನ್ನು ಬಿಡಿಸಲಿಕ್ಕೆ! ಇದು "ಹೆಂಗಸರಿಗೆ ಸಂಬಂಧವಿಲ್ಲದ ಸಾಮಾನು" ಎಂದು ಯಾರಾದರೂ ಅಂದರೆ ಈ ಕಥೆ ಹೇಳಿ.

ಕೊನೆಗೆ, ನಗು ಬದಿಗಿಟ್ಟು ಒಂದು ಮಾತು. ಎಷ್ಟು ಹರಿತದ ಚೈನಾದರೂ ಕರೆಂಟು ತಂತಿಯ ಹತ್ತಿರ ಮಾತ್ರ ಇದನ್ನು ಎತ್ತಬೇಡಿ. ದೋಟಿ ಲೋಹದ್ದು, ಕೊಂಬೆ ಹಸಿ, ತಂತಿ ಯಾರ ಮುಖವನ್ನೂ ನೋಡುವುದಿಲ್ಲ. ಅಂಥ ಕೊಂಬೆಗೆ ಮೆಸ್ಕಾಂನವರಿಗೆ ಹೇಳಿ, 1912ಕ್ಕೆ ಫೋನು ಮಾಡಿದರೂ ಆಯಿತು. ಮಳೆಯಲ್ಲಿ, ಒದ್ದೆ ನೆಲದಲ್ಲಿ ಬೇಡ. ಏಣಿ ಹತ್ತಿ ಬೇಡವೇ ಬೇಡ. ಕೊಂಬೆಯ ನೇರ ಕೆಳಗೆ ನಿಲ್ಲದೆ, ಓರೆಯಾಗಿ ನಿಂತು ತುದಿಯಿಂದ ತುಂಡು ತುಂಡಾಗಿ ತೆಗೆಯಿರಿ. ತಲೆಗೆ ಟೋಪಿ, ಕಣ್ಣಿಗೆ ಕನ್ನಡಕ, ಸೆರಗು ಸೊಂಟಕ್ಕೆ ಭದ್ರವಾಗಿ. ಮಕ್ಕಳು ಒಳಗಿರಲಿ.

ಮುಂಗಾರು ಹಿಡಿಯುವ ಮುಂಚೆ, ಹಪ್ಪಳ ಸಂಡಿಗೆ ಎಲ್ಲಾ ಮುಗಿದ ಒಂದು ಮಧ್ಯಾಹ್ನ, ಮೂಲೆಯಲ್ಲಿರುವ ಆ ಗರಗಸವನ್ನು ಈಚೆ ತೆಗೆದು ಚೈನು ಒಮ್ಮೆ ನೋಡಿ. ಆಷಾಢದ ಗಾಳಿ ಬೀಸುವ ಹೊತ್ತಿಗೆ ಹೆಂಚೂ ಉಳಿಯುತ್ತದೆ, ಮರವೂ ಉಳಿಯುತ್ತದೆ. ಏನಂತೀರಿ?